ಸಂಗವ್ವನ ಸಾವಿಗೆ ಬರೆದ ಬ್ಯಾನಿ

"ಚಳಿಜ್ವರ ಅನ್ನೋ, ಸೂಳಿಮಗನ! ಇನ್ನೊಮ್ಮಿ ಪಲೇಗ ಅಂದ್ರ ನಾಲಗಿ ಕಿತ್ತೇನು!"

ಬಸಲಿಂಗಪ್ಪಗೌಡ ಚಾವಡಿ ಕಟ್ಟೆಯ ಮೇಲೆ ಸತ್ತವರ ಪುಸ್ತಕ ತೆರೆದು ಕೂತಿದ್ದ. ನಾನು ಕೆಳಗೆ, ನೆರಳೂ ತಾಗದಷ್ಟು ದೂರದಲ್ಲಿ ನಿಂತಿದ್ದೆ. ಊರಲ್ಲಿ ಯಾರು ಸತ್ತರೂ ಗೌಡನಿಗೆ ಸುದ್ದಿ ಮುಟ್ಟಿಸುವುದು ನಮ್ಮ ಮನೆತನದ ಪಾಲಿನ ಕೆಲಸ. ಇವತ್ತು ಸತ್ತವಳು ನನ್ನ ಹೆಂಡತಿ ಸಂಗವ್ವ.

"ಬಗಲಾಗ ಗಂಟು ಎದ್ದಿತ್ರೀ ಯಪ್ಪಾ. ಆಕಿ ನಿಮ್ಮ ಅಕ್ಕಿ ಕ್ವಾಣ್ಯಾಗ ಸತ್ತ ಇಲಿ ಬಳದು ಐದ ದಿನ ಆಗಿಲ್ಲ."

"ಖಾನಾಪುರ ಅಡವ್ಯಾಗ ಚಳಿಜ್ವರ ಬಿಟ್ರ ಮತ್ತೇನ್ ಬರತೈತೋ ನಿಮಗ?" ಅಂದವನೇ ಬರೆದೇಬಿಟ್ಟ.

ಖರೇ. ನನ್ನಜ್ಜ ವಾಂತಿಭೇದಿಗೆ ಸತ್ತ, ಬರೆದದ್ದು ಚಳಿಜ್ವರ. ಐದು ವರ್ಷದ ಹಿಂದೆ, ದೊಡ್ಡ ಜಡ್ಡು ಬಂದಾಗ, ಅಪ್ಪ ಕೆಮ್ಮಿ ಕೆಮ್ಮಿ ನೀಲಿಗಟ್ಟಿ ಸತ್ತ. ಅದೂ ಚಳಿಜ್ವರ. ಬ್ಯಾನಿ ಬದಲಾದವು, ಬರೆಯುವ ಕೈ ಮಾತ್ರ ಅದೇ. ಥೂ ಅದರ!

ಪಲೇಗು ಎಂದು ಬರೆದರೆ ಬೆಳಗಾವಿಯಿಂದ ಸೂಜಿ ಡಾಕ್ಟರ ಬರುತ್ತಾನೆ, ಗೌಡನ ಅಕ್ಕಿಕೋಣೆಗೆ ಬೀಗ ಬೀಳುತ್ತದೆ. ಹನ್ನೆರಡು ಗಾಡಿ ಅಕ್ಕಿ ಇವತ್ತೇ ಅಲ್ಲಿನ ರವಿವಾರ ಪೇಟೆಗೆ ಹೊರಡಬೇಕಿತ್ತು.

"ನಿನ್ನ ಮಗಳನ್ನ ಕಳಸು," ಅಂದ ಗೌಡ. "ಚೀಲದ ಸಂದ್ಯಾಗ ಇನ್ನೂ ಇಲಿ ಅದಾವು."



"ಬ್ಯಾಡ್ರೀ ಯಪ್ಪಾ, ಹತ್ತು ವರ್ಷದ ಕೂಸರೀ ಅದು. ನಾ ಬಳೀತೇನಿ."

"ನೀ ಚೀಲ ಹೇರು. ಸಂದ್ಯಾಗ ಹೋಗಾಕ ಸಣ್ಣ ಕೈನ ಬೇಕು."

ಗುಡಿಸಲಿಗೆ ಬಂದರೆ ಮಗಳು ಮಾಯಕ್ಕ ಅವ್ವನ ಕಾಲ ಹತ್ತಿರ ಕೂತಿದ್ದಳು. ಗೌಡನ ಆಳು ಆಗಲೇ ಬಂದು ಹೇಳಿ ಹೋಗಿದ್ದ.

"ಅಪ್ಪಾ, ನಾ ಹೋಗಲಿಲ್ಲಂದ್ರ ನಿನ್ನ ಹೊಡೀತಾರಂತ. ಹೋಗಲೇನು?"

 ಗೌಡನ ಅಂಜಿಕೆ ಒಂದು ಕಡೆ, ಆ ಕೋಣೆಯ ಅಂಜಿಕೆ ಇನ್ನೊಂದು ಕಡೆ. "ಕದಾ ಹಾಕ್ಕೊಂಡು ಒಳಗ ಕುಂದರು. ಯಾರ ಕರದ್ರೂ ತೆಗೀಬ್ಯಾಡ," ಅಂದೆ. ಸಂಗವ್ವನನ್ನು ಕೌದಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡೆ.

ಸುಡುಗಾಡಿನ ದಾರಿ ಹಿಡಿಯಲಿಲ್ಲ. ನಮ್ಮವರು ಯಾರೂ ಕಾಲಿಡದ ಗೌಡನ ಓಣಿಯೊಳಗೆ ನಡೆದು, ಅಕ್ಕಿಕೋಣೆಯ ಹೊಸ್ತಿಲಿಗೆ ಅಡ್ಡ ಮಲಗಿಸಿ ಕೌದಿ ಸರಿಸಿ ಅವಳ ತೋಳೆತ್ತಿ ಹಿಡಿದೆ.

ಅಕ್ಕಿ ಹೇರಲು ಸಾಲಾಗಿ ನಿಂತಿದ್ದ ಗಾಡಿಗಳಲ್ಲಿ ಮುಂದಿನ ಗಾಡಿಯ ಭರಮಪ್ಪ ನೋಡಿದ. "ಅಯ್ಯಯ್ಯೋ, ಗಂಟೋ!" ಎಂದು ಚೀರಿ ಎತ್ತು ಬಿಚ್ಚಿದ. ಹಿಂದಿನವರೂ ಬಿಚ್ಚತೊಡಗಿದರು.

ಗೌಡ ಬಾರುಕೋಲು ಹಿಡಿದು ಓಡಿಬಂದ. "ಎತ್ತೋ ಅದನ್ನ, ಹಲ್ಕಟ್!"

"ಚಳಿಜ್ವರಕ್ಕ ಸತ್ತಾಕಿರೀ ಯಪ್ಪಾ. ಅಂಟೂದಿಲ್ಲ," ಅಂದೆ. "ನೀವ ಎತ್ರಿ."

ಗೌಡ ಮೂಗಿಗೆ ಧೋತರದ ಚುಂಗು ಹಿಡಿದು ಎರಡು ಹೆಜ್ಜೆ ಹಿಂದೆ ಸರಿದ. ಬಾರುಕೋಲು ಮಾತ್ರ ಮೇಲೆದ್ದಿತು.  ನಾನು ಸಂಗವ್ವನ ಬಾಜೂಕ್ಕೆ, ಹೊಸ್ತಿಲ ಮೇಲೆ, ಕೂತೇಬಿಟ್ಟೆ.