ಕಂಡೆನ್ಸರಿನ ಸಾಲು

ನನ್ನ ತಂಗಿಯ ಮಗಳು ತನ್ನ ತಮ್ಮನಿಗೆ ಇಟ್ಟ ಹೆಸರು ಕಂಡೆನ್ಸರ್.

ಅವಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡುತ್ತಿದ್ದಳು. ಸಂಜೆ ಹೊತ್ತು ಮನೆಯ ಮುಂದಿನ ಕೋಣೆಯಲ್ಲಿ ಏಳೆಂಟು ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಉಗಿಯಿಂದ ವಿದ್ಯುತ್ ತೆಗೆಯುವ ಲೆಕ್ಕಗಳನ್ನು ಮಾಡಿಸುತ್ತಿದ್ದಳು. ಬೇರೆ ಕಾಲೇಜಿನಲ್ಲಿ ಓದುತ್ತಿದ್ದ ತಮ್ಮನೂ ಅವರ ನಡುವೆ ಕೂರಬೇಕಿತ್ತು. ಒಳಗಿನ ಬಾಗಿಲ ಬಳಿ ತರಕಾರಿ ಹೆಚ್ಚುತ್ತ ಕೂತು ಕೇಳಿ ಕೇಳಿ, ಇತಿಹಾಸ ಓದಿದ ನನಗೂ ಆ ಚಕ್ರ ಬಾಯಿಪಾಠವಾಗಿತ್ತು. ಬಾಯ್ಲರಿನಲ್ಲಿ ನೀರು ಉಗಿಯಾಗುತ್ತದೆ, ಉಗಿ ಟರ್ಬೈನನ್ನು ತಿರುಗಿಸುತ್ತದೆ, ಸುಸ್ತಾದ ಉಗಿ ಕಂಡೆನ್ಸರಿನಲ್ಲಿ ತಣಿದು ಮತ್ತೆ ನೀರಾಗುತ್ತದೆ, ಪಂಪು ಅದನ್ನು ತಿರುಗಿ ಬಾಯ್ಲರಿಗೆ ತಳ್ಳುತ್ತದೆ.

"ಇಷ್ಟೆಲ್ಲ ಕಲ್ಲಿದ್ದಲು ಸುಟ್ಟು ಶಾಖ ಕೊಡ್ತೀವಿ. ಟರ್ಬೈನ್ ಅದರಲ್ಲಿ ಎಷ್ಟು ಕೆಲಸ ತೆಗೆಯುತ್ತೆ?" ಎಂದು ಅವಳು ಕೇಳುವಳು.

"ಮೂರನೇ ಒಂದು ಪಾಲು ಮೇಡಂ."

"ಉಳಿದಿದ್ದು?"

"ಕಂಡೆನ್ಸರಿಗೆ ಹೋಗುತ್ತೆ."

"ಅದೇನು ಮಾಡುತ್ತೆ, ಉಪ್ಪಿನಕಾಯಿ ಹಾಕ್ಕೊಳ್ಳುತ್ತಾ?"

"ಇಲ್ಲ ಮೇಡಂ, ಹೊಳೆ ನೀರಿಗೆ ಬಿಡುತ್ತೆ."

"ನಮ್ಮನೇದು ಅಲ್ಲೇ ಕೂತಿದೆ ನೋಡಿ. ನಾನು ಕೊಟ್ಟಿದ್ದನ್ನೆಲ್ಲ ಒಂದು ತೊಟ್ಟೂ ಇಟ್ಟುಕೊಳ್ಳದೆ ಹೊಳೆಗೆ ಬಿಡುತ್ತೆ."

ಮಕ್ಕಳು ನಗುವರು. ಅವನೂ ನಗುತ್ತಿದ್ದ. ಅದನ್ನು ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಅವಳು ಕೆಟ್ಟವಳಲ್ಲ. ನನ್ನ ತಂಗಿ ತೀರಿಹೋದಾಗ ಹುಡುಗನಿಗೆ ಇನ್ನೂ ಹಾಲುಹಲ್ಲು. ಅವನ ತಲೆ ಬಾಚಿದವಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತ ಕೂತವಳು ಇವಳೇ. ಈಗಲೂ ಸಂಜೆಯೆಲ್ಲ ಅವನನ್ನು ಬೈದು, ಬೆಳಿಗ್ಗೆ ಅವನು ಏಳುವ ಮೊದಲೇ ಅವನ ಅಂಗಿಗೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿರುತ್ತಿದ್ದಳು. ಕಾಲರನ್ನು ಎರಡು ಸಲ ತಿಕ್ಕುವಳು. ಬಾಯಿ ಮಾತ್ರ ಬಾಯಲ್ಲ, ಮರ ಕೆತ್ತುವ ಬಾಚಿ.

ಹುಡುಗ ಥರ್ಮೋಡೈನಮಿಕ್ಸ್ ಪೇಪರೊಂದರಲ್ಲೇ ಆಗಲೇ ಎರಡು ಸಲ ಬಿದ್ದಿದ್ದ. ಇದು ಕೊನೆಯ ಅವಕಾಶ. ಪಾಸಾದರೆ ಹಡಗಿನ ಎಂಜಿನ್ ಕೋಣೆಯಲ್ಲಿ ತರಬೇತಿಗೆ ಅವನಿಗೊಂದು ಜಾಗ ಕಾದಿತ್ತು. ಬಿದ್ದರೆ ಆ ಜಾಗವೂ ಇಲ್ಲ, ಕಾಲೇಜೂ ಇಲ್ಲ. ಸಮುದ್ರವನ್ನು ಅವನು ಕಣ್ಣಾರೆ ಕಂಡವನಲ್ಲ. "ಹಡಗಲ್ಲಿ ಮೂರು ಜನಕ್ಕೆ ಒಂದು ಕೋಣೆಯಂತೆ ದೊಡ್ಡಮ್ಮ. ಬಾಗಿಲಿಗೆ ಒಳಗಿಂದ ಚಿಲಕ ಇರುತ್ತಂತೆ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದ. ಚಿಲಕದ ವಿಷಯವನ್ನು ಅವನು ಎಷ್ಟು ಆಸೆಯಿಂದ ಹೇಳಿದನೆಂದರೆ, ನಾನು ಎದ್ದು ಹೋಗಿ ಅವನ ಲೋಟಕ್ಕೆ ಇನ್ನಷ್ಟು ಹಾಲು ಹಾಕಿಕೊಟ್ಟೆ. ಬೇರೇನು ಕೊಡಲು ತಿಳಿಯಲಿಲ್ಲ.

ಪಾಠದ ಕೋಣೆಗೊಂದು ಕಟ್ಟಳೆಯಿತ್ತು. ಒಳಗೆ ಬರುವಾಗ ಕೊಡೆ ಮೂಲೆಗೆ, ಸ್ಟೀಮ್ ಟೇಬಲ್ ಕಪಾಟಿನ ಮೇಲೆ. ಯಾವ ಒತ್ತಡದಲ್ಲಿ ಉಗಿಯ ಒಳಗೆ ಎಷ್ಟು ಶಾಖ ಇರುತ್ತದೆಂದು ಸಾಲುಸಾಲಾಗಿ ಅಚ್ಚು ಹಾಕಿದ ತೆಳು ಪುಸ್ತಕ ಅದು. ಅದಿಲ್ಲದೆ ಈ ಲೆಕ್ಕಗಳು ಒಂದು ಹೆಜ್ಜೆಯೂ ಮುಂದೆ ಹೋಗವು. ಪರೀಕ್ಷೆಯಲ್ಲಿ ಕೂಡ ಎದುರಿಗೆ ಇಟ್ಟುಕೊಳ್ಳಲು ಬಿಡುತ್ತಾರೆ. ಇವಳು ಮಾತ್ರ ಬಿಡುತ್ತಿರಲಿಲ್ಲ. "ಎಂಜಿನಿಯರ್ ಆದವನು ಮಗ್ಗಿ ಪುಸ್ತಕ ಹಿಡ್ಕೊಂಡು ಓಡಾಡ್ತಾನಾ?" ಎನ್ನುವಳು. ಓದುವ ಕಾಲದಲ್ಲಿ ಮುಖ್ಯವಾದ ಸಾಲುಗಳನ್ನೆಲ್ಲ ಬಾಯಿಪಾಠ ಮಾಡಿದವಳು, ಆಮೇಲೆ ಪುಸ್ತಕ ತೆರೆದದ್ದನ್ನು ನಾನು ಕಂಡಿಲ್ಲ. ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುತ್ತಿದ್ದದ್ದು ಕಂಡೆನ್ಸರಿನ ಸಾಲು. ಒತ್ತಡ ಪಾಯಿಂಟ್ ಒಂದು ಬಾರ್, ನೀರಿನ ಶಾಖ ನೂರ ತೊಂಬತ್ತೊಂದು ಚಿಲ್ಲರೆ, ಆವಿಯಾಗಲು ಬೇಕಾದ ಶಾಖ ಇಪ್ಪತ್ಮೂರು ಇಪ್ಪತ್ತೊಂಬತ್ತು, ಅಂದರೆ ಎರಡು ಸಾವಿರದ ಮುನ್ನೂರ ಇಪ್ಪತ್ತೊಂಬತ್ತು. ಯಾರು ತಡವರಿಸಿದರೂ ಗೋಡೆಗೆ ಮುಖ ಮಾಡಿ ನಿಂತು ಆ ಸಾಲನ್ನು ಗಟ್ಟಿಯಾಗಿ ಹೇಳುತ್ತಿರಬೇಕು, ಅವಳು ಸಾಕು ಎನ್ನುವವರೆಗೆ. ಸುಣ್ಣದ ಗೋಡೆಯಲ್ಲಿ ಒಂದು ಕಡೆ ಹಣೆಯ ಎಣ್ಣೆ ಹತ್ತಿ ಮಾಸಿತ್ತು. ಅದು ನಮ್ಮ ಹುಡುಗನ ಎತ್ತರಕ್ಕೆ ಸರಿಯಾಗಿತ್ತು.

ಒಂದು ಸಂಜೆ ಅವನು ಧೈರ್ಯ ಮಾಡಿ ಹೇಳಿದ. "ಅಕ್ಕ, ಪುಸ್ತಕದಲ್ಲಿ ಇಪ್ಪತ್ಮೂರು ತೊಂಬತ್ತೆರಡು ಅಂತಿದೆ."

ಕೋಣೆಯಲ್ಲಿ ಪೆನ್ಸಿಲುಗಳೆಲ್ಲ ನಿಂತವು.

"ಏನಂದೆ?"

"ಕಂಡೆನ್ಸರಿನ ಸಾಲು. ನಿನ್ನೆ ನೋಡಿದೆ. ಇಪ್ಪತ್ತೊಂಬತ್ತು ಅಲ್ಲ, ತೊಂಬತ್ತೆರಡು..."

"ಓಹೋ. ಗುರುವಿಗೇ ತಿರುಮಂತ್ರ. ಎರಡು ಸಲ ಮಣ್ಣು ಮುಕ್ಕಿದವರು ಪುಸ್ತಕ ತಿದ್ದೋಕೆ ಹೊರಟಿದ್ದಾರೆ. ನೀನು ಹುಟ್ಟೋ ಮೊದಲಿಂದ ಈ ಸಾಲು ನನ್ನ ಬಾಯಲ್ಲಿದೆ. ಪುಸ್ತಕದಲ್ಲಿ ಅಚ್ಚು ತಪ್ಪಿರಬೇಕು. ಏಳು."

ಅವನು ಎದ್ದ. ಆ ಸಂಜೆ ಪಾಠ ಮುಗಿಯುವವರೆಗೂ ಗೋಡೆಗೆ ಇಪ್ಪತ್ಮೂರು ಇಪ್ಪತ್ತೊಂಬತ್ತು ಎಂದು ಹೇಳುತ್ತಲೇ ಇದ್ದ. ಗಂಟಲು ಕಟ್ಟಿ ದನಿ ನಿಂತಾಗ ಅವಳು ಹಲಗೆಯಿಂದ ತಿರುಗದೆಯೇ "ಕೇಳಿಸ್ತಿಲ್ಲ" ಎಂದಳು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ದಪ್ಪ ಕನ್ನಡಕದ ಹುಡುಗಿಯೊಬ್ಬಳು ತನ್ನ ನೀರಿನ ಬಾಟಲಿಯನ್ನು ಕಾಲಿನಿಂದ ಮೆಲ್ಲಗೆ ಅವನ ಕಡೆ ತಳ್ಳಿದಳು. ಅವನು ಬಗ್ಗಲಿಲ್ಲ. ಆದರೂ ತಳ್ಳಿದಳಲ್ಲ, ಅದು ನನ್ನ ನೆನಪಿನಲ್ಲಿದೆ.

ಹೊರಡುವಾಗ ಗೇಟಿನ ಹತ್ತಿರ ಅದೇ ಹುಡುಗಿ ಅವನಿಗೆ ಹೇಳಿದ್ದು ಕಿಟಕಿಯಲ್ಲಿ ನನಗೆ ಕೇಳಿಸಿತು. "ದಡ್ಡ ಕಣೋ ನೀನು. ಅದು ನಮಗೆಲ್ಲ ಗೊತ್ತು. ಇಲ್ಲಿ ಮೇಡಂ ಸಂಖ್ಯೆ ಹಾಕು, ಪರೀಕ್ಷೇಲಿ ಪುಸ್ತಕದ್ದು ಹಾಕು. ಎರಡು ಮನೆ ಬೆಕ್ಕು ಯಾವತ್ತೂ ಉಪವಾಸ ಬೀಳಲ್ಲ."

"ಅವಳಿಗೆ ಯಾರೂ ಹೇಳಿಲ್ವಾ?"

"ಹೇಳಿದೋನ ಗತಿ ನೋಡಿದ್ವಲ್ಲ ಈಗಷ್ಟೇ."

ನಾನು ಒಳಗೆ ಬಂದು ಅವಳಿಗೆ ಹೇಳಿದೆ. "ಒಂದ್ಸಲ ಆ ಪುಸ್ತಕ ತೆಗೆದು ನೋಡಬಾರದಾ?"

"ದೊಡ್ಡಮ್ಮ, ನೀವು ಬೀನ್ಸ್ ನೋಡ್ಕೊಳ್ಳಿ" ಎಂದಳು. ಹಾಗೆಂದವಳು, ನನ್ನ ಕೈಯಿಂದ ಚಾಕು ತೆಗೆದುಕೊಂಡು ಉಳಿದ ಬೀನ್ಸನ್ನು ತಾನೇ ಹೆಚ್ಚಿಕೊಟ್ಟಳು. ಅವಳು ಹಾಗೆಯೇ.

ಪರೀಕ್ಷೆಯ ದಿನ ಹುಡುಗ ಮಧ್ಯಾಹ್ನ ಮನೆಗೆ ಬಂದ. ಮುಖದಲ್ಲಿ ಬೆಳಕಿತ್ತು. ಅವಳು ಊಟಕ್ಕೆ ಕೂತಿದ್ದಳು, ಎಂಜಲು ಕೈಯಲ್ಲೇ ಪ್ರಶ್ನೆಪತ್ರಿಕೆ ಇಸಿದುಕೊಂಡಳು.

"ಎಲ್ಲಕ್ಕಿಂತ ದೊಡ್ಡ ಲೆಕ್ಕ, ಕಂಡೆನ್ಸರ್ ಪಾಯಿಂಟ್ ಒಂದು ಬಾರ್. ಮಾಡಿದೆಯಾ?"

"ಪೂರ್ತಿ ಮಾಡಿದೆ ಅಕ್ಕ. ಎಫಿಷಿಯೆನ್ಸಿ ಮೂವತ್ತೈದು ಪರ್ಸೆಂಟ್ ಬಂತು."

ಅವಳು ಕಣ್ಣು ಮುಚ್ಚಿ ಬಾಯಲ್ಲೇ ಲೆಕ್ಕ ಹಾಕಿದಳು. "ಮೂವತ್ತೈದು. ಸರಿ. ಪುಸ್ತಕ ನೋಡಿ ಬರೆದೆಯಾ?"

"ಪುಸ್ತಕ ಎದುರಿಗೇ ಇತ್ತು. ತೆರೆದೂ ನೋಡಿದೆ. ತೊಂಬತ್ತೆರಡು ಅಂತಲೇ ಇತ್ತು. ಪೆನ್ನು ಇಟ್ಟೆ, ಆದರೆ ನಿನ್ನ ದನಿ ಕೇಳಿಸ್ತು. ನೀನು ಹೇಳಿದ್ದೇ ಬರೆದೆ."

"ಅಂತೂ ಬುದ್ಧಿ ಬಂತು" ಎಂದಳು ಅವಳು. ಎದ್ದು ಕೈ ತೊಳೆದು ಬಂದು, ಅವನ ತಲೆಯ ಮೇಲೆ ಕೈಯಿಟ್ಟಳು. ಅವನು ಅಷ್ಟುದ್ದ ಬೆಳೆದ ಮೇಲೆ ಅವಳು ಹಾಗೆ ಮಾಡಿದ್ದು ಅದೇ ಮೊದಲು. ಒದ್ದೆ ಕೈ. ಕೂದಲಲ್ಲಿ ನೀರು ಇಳಿದರೂ ಅವನು ಒರೆಸಿಕೊಳ್ಳಲಿಲ್ಲ. "ಇವತ್ತಿಂದ ಕಂಡೆನ್ಸರ್ ಅಲ್ಲ ನೀನು, ಟರ್ಬೈನ್" ಎಂದಳು. ಹುಡುಗನ ಕಣ್ಣು ತುಂಬಿತು. ಮಾರನೆಯ ದಿನ ಹೋಗಿ ಕ್ಯಾನ್ವಾಸಿನ ಉದ್ದ ಚೀಲವೊಂದನ್ನು ತಂದುಕೊಂಡ. ಹಡಗಿನವರು ಪೆಟ್ಟಿಗೆ ಒಯ್ಯುವುದಿಲ್ಲವಂತೆ.

ಆಮೇಲೆ ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು. ಎಲ್ಲ ಕಾಲೇಜುಗಳ ಪತ್ರಿಕೆಗಳನ್ನೂ ಕಲೆಸಿ, ಹೆಸರು ಮರೆಮಾಡಿ, ಬರೀ ಸಂಕೇತ ಹಾಕಿ ಮೇಷ್ಟ್ರುಗಳಿಗೆ ಹಂಚುತ್ತಾರೆ. ಇವಳು ಪ್ರತಿವರ್ಷ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಸೊನ್ನೆ ಮೇಡಂ ಎಂದೇ ಹೆಸರು. ಮೊದಲ ಸಂಖ್ಯೆ ತಪ್ಪಾದರೆ ಮುಂದೆ ಓದಬಾರದು, ಸೊನ್ನೆ ಹಾಕಬೇಕು ಎಂಬುದು ಅವಳ ಪದ್ಧತಿ. ಉಳಿದವರು ವಿಧಾನ ಸರಿಯಿದ್ದರೆ ಅರ್ಧವಾದರೂ ಕೊಡುತ್ತಿದ್ದರು. "ತಪ್ಪು ಸಂಖ್ಯೆ ಹಾಕಿದರೆ ಬಾಯ್ಲರು ಅರ್ಧ ಸಿಡಿಯುತ್ತಾ?" ಎಂದು ಇವಳು ಅವರನ್ನು ಗೇಲಿ ಮಾಡುವಳು.

ಒಂದು ದಿನ ಅಲ್ಲಿಂದ ಬಂದವಳು ಅಡುಗೆಮನೆಯಲ್ಲಿ ಚೀಲ ಹೆಗಲಿನಲ್ಲೇ ಇಟ್ಟುಕೊಂಡು ನಿಂತಳು. ಹುಡುಗ ಮನೆಯಲ್ಲಿರಲಿಲ್ಲ. ನಡೆದದ್ದನ್ನು ಅವಳೇ ಹೇಳಿದಳು, ಪಾಠ ಒಪ್ಪಿಸುವ ಹಾಗೆ.

ಪಾಯಿಂಟ್ ಒಂದು ಬಾರಿನ ಲೆಕ್ಕ ತಿದ್ದಲು ಹಿಂದೆ ಯಾವ ವರ್ಷವೂ ಅವಳ ಪಾಲಿಗೆ ಬಂದಿರಲಿಲ್ಲ. ಆ ದೊಡ್ಡ ಲೆಕ್ಕಕ್ಕೆ ಕೊಟ್ಟ ಮಾದರಿ ಉತ್ತರದಲ್ಲಿ ಮೂವತ್ಮೂರು ಅಂತಿತ್ತು. ಇವಳು ಎದ್ದು ನಿಂತು, ಮಾದರಿ ಉತ್ತರ ತಪ್ಪು, ಮೂವತ್ತೈದಾಗಬೇಕು ಎಂದಳಂತೆ. ಪಕ್ಕದಲ್ಲಿದ್ದ ಮೀಸೆ ಮೇಷ್ಟ್ರು ಸ್ಟೀಮ್ ಟೇಬಲ್ ತೆರೆದು ಅವಳ ಮುಂದಿಟ್ಟರು. ಅವರದು, ಇನ್ನೊಬ್ಬರದು, ಮತ್ತೊಬ್ಬರದು. ಎಲ್ಲ ಪುಸ್ತಕದಲ್ಲೂ ತೊಂಬತ್ತೆರಡೇ. ಯಾರೋ ಹಿಂದಿನಿಂದ, "ಮೇಡಂ, ನಿಮ್ಮ ಮನೆ ಕಂಡೆನ್ಸರ್ ನಮಗೂ ಒಂದು ಕೊಡಿಸಿ, ಕಲ್ಲಿದ್ದಲು ಉಳಿಯುತ್ತೆ" ಎಂದರು. ಇಡೀ ಕೋಣೆ ನಕ್ಕಿತು. ಅಷ್ಟು ವರ್ಷ ಅವಳು ಗೇಲಿ ಮಾಡಿದವರೆಲ್ಲ ಅಲ್ಲಿದ್ದರು.

"ನಗು ನಿಂತ ಮೇಲೆ ಕೂತೆ" ಎಂದಳು. "ಮುಂದಿನ ಪೇಪರ್ ತೆಗೆದೆ. ಇಪ್ಪತ್ಮೂರು ಇಪ್ಪತ್ತೊಂಬತ್ತು ಅಂತ ಬರೆದಿತ್ತು. ಕೆಳಗಿನ ಸಾಲುಗಳಲ್ಲಿ ಏಳು ಬಂದ ಕಡೆಯೆಲ್ಲ ನಡುವೆ ಗೀಟು. ಏಳಕ್ಕೆ ಹಾಗೆ ಗೀಟು ಹಾಕೋದು ಅವನೊಬ್ಬನೇ."

ನಾನು ಒಲೆ ಆರಿಸಿದೆ.

"ಒಂದು ಅಕ್ಷರ ತಪ್ಪಿಲ್ಲ ದೊಡ್ಡಮ್ಮ, ಆ ಸಂಖ್ಯೆ ಬಿಟ್ಟರೆ. ಪಂಪಿನ ಕೆಲಸ ಕೂಡ ಮರೆತಿಲ್ಲ. ಮೀಸೆ ಮೇಷ್ಟ್ರು ಇಣುಕಿ ನೋಡಿದರು. ಪಾಪ, ವಿಧಾನ ಚೆನ್ನಾಗಿದೆ, ಅರ್ಧ ಕೊಡಿ ಮೇಡಂ, ಹುಡುಗ ಬದುಕ್ಕೊಳ್ಳಲಿ ಅಂದರು."

"ಕೊಟ್ಟೆಯಾ?"

"ಎಲ್ಲರೂ ನನ್ನನ್ನೇ ನೋಡ್ತಿದ್ದರು. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ಸೊನ್ನೆ ಹಾಕಿ, ನನ್ನದೇ ತಪ್ಪು ಸಂಖ್ಯೆಗೆ ಅರ್ಧ ಕೊಡಲಾ?"

"ಆ ಪೇಪರು ಬೇರೆಯವರಿಗಾದರೂ ದಾಟಿಸಬಹುದಿತ್ತಲ್ಲೇ."

"ದಾಟಿಸಬಹುದಿತ್ತು. ಯಾಕೆ ಅಂತ ಕೇಳ್ತಿದ್ದರು. ನನ್ನ ತಮ್ಮ, ನಾನೇ ಹೇಳಿಕೊಟ್ಟ ಸಂಖ್ಯೆ ಅಂತ ಹೇಳಬೇಕಿತ್ತು." ಚೀಲ ಇಳಿಸಿದಳು. "ಹೇಳಲಿಲ್ಲ. ಗೀಟು ಎಳೆದು ಸೊನ್ನೆ ಹಾಕಿದೆ."

"ಮತ್ತೆ ತಿದ್ದಿಸೋಕೆ ಆಗಲ್ವಾ?"

"ಅಂಕ ಮತ್ತೆ ಕೂಡಿಸಿ ನೋಡ್ತಾರೆ ಅಷ್ಟೇ, ಪೇಪರ್ ಮತ್ತೆ ಓದಲ್ಲ. ಕೂಡಿಸಿದ್ದು ಸರಿಯಾಗೇ ಇದೆ."

"ಅವನಿಗೆ ಹೇಳು."

"ಫಲಿತಾಂಶ ಬರಲಿ" ಎಂದಳು. "ಬೇರೆ ಲೆಕ್ಕಗಳಲ್ಲಿ ಎದ್ದರೂ ಎದ್ದಾನು."

ಏಳಲಿಲ್ಲ. ಆ ಲೆಕ್ಕಕ್ಕೆ ಅರ್ಧ ಸಿಕ್ಕಿದ್ದರೂ ಪಾಸಾಗುತ್ತಿದ್ದ. ಫಲಿತಾಂಶ ನೋಡಿಕೊಂಡು ಬಂದವನು ಕ್ಯಾನ್ವಾಸಿನ ಚೀಲವನ್ನು ಮಡಚಿ, ಮಂಚದಡಿಗೆ ತಳ್ಳಿ, ಮುಂದಿನ ಕೋಣೆಗೆ ಬಂದು ತನ್ನ ಸ್ಟೂಲಿನ ಮೇಲೆ ಕೂತ. ಮಕ್ಕಳಿನ್ನೂ ಬಂದಿರಲಿಲ್ಲ. "ನನ್ನ ತಲೆಗೇ ಹತ್ತಲ್ಲ ಅಕ್ಕ. ನೀನಾದರೂ ಎಷ್ಟು ಅಂತ ಹೇಳಿಕೊಡ್ತೀಯ" ಎಂದ.

ನಾನು ಬಾಗಿಲಲ್ಲಿ ನಿಂತು ಅವಳ ಮುಖ ನೋಡಿದೆ. "ಈಗ ನೀನು ಹೇಳು, ಇಲ್ಲಾಂದ್ರೆ ನಾನು ಹೇಳ್ತೀನಿ" ಎಂದೆ.

ಅವಳಿಗೆ ಪಾಠದ ದಾರಿ ಬಿಟ್ಟು ಬೇರೆ ದಾರಿ ಗೊತ್ತಿರಲಿಲ್ಲ. "ಕಂಡೆನ್ಸರಿನ ಸಾಲು ಹೇಳು" ಎಂದಳು.

"ಪಾಯಿಂಟ್ ಒಂದು ಬಾರ್. ನೂರ ತೊಂಬತ್ತೊಂದು ಚಿಲ್ಲರೆ. ಇಪ್ಪತ್ಮೂರು ಇಪ್ಪತ್ತೊಂಬತ್ತು."

"ತಪ್ಪು."

ಅವನು ಎದ್ದ, ಸ್ಟೂಲನ್ನು ಬದಿಗೆ ಸರಿಸಿದ, ಗೋಡೆಯ ಬಳಿ ಹೋಗಿ ಮಾಸಿದ ಜಾಗಕ್ಕೆ ಮುಖ ಮಾಡಿ ನಿಂತ.

"ಅಲ್ಲಿಗಲ್ಲ. ಬಾ ಇಲ್ಲಿ. ಬಾರೋ." ಅವಳು ಕಪಾಟಿನ ಮೇಲಿದ್ದ ಪುಸ್ತಕ ತೆಗೆದಳು. ಪುಟ ಹುಡುಕಲು ಬೆರಳುಗಳಿಗೆ ಅಭ್ಯಾಸವಿರಲಿಲ್ಲ. ಸಾಲಿನ ಕೆಳಗೆ ಉಗುರಿಟ್ಟು ಅವನ ಮುಂದೆ ಹಿಡಿದಳು. "ನಾನು ಹೇಳಿಕೊಟ್ಟಿದ್ದೇ ತಪ್ಪು. ನೀನು ಆವತ್ತು ಹೇಳಿದ್ದು ಸರಿ. ನಿನ್ನ ಪೇಪರ್ ನನ್ನ ಕೈಗೇ ಬಂದಿತ್ತು. ನಿನ್ನದು ಅಂತ ಗೊತ್ತಾಯ್ತು. ಗೊತ್ತಾಗಿಯೇ ಸೊನ್ನೆ ಹಾಕಿದೆ."

ಹುಡುಗ ಸಾಲನ್ನು ಓದಿದ. ಮತ್ತೊಮ್ಮೆ ಓದಿದ. ಅವನು ಕೂಗಾಡಲಿ, ಆ ಪುಸ್ತಕ ಹರಿದು ಬಿಸಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಪುಸ್ತಕವನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿ, ಮುಚ್ಚಿ, ಕಪಾಟಿನ ಮೇಲೆ ಉಳಿದವುಗಳ ಅಂಚಿಗೆ ಅಂಚು ಕೂಡಿಸಿ ಇಟ್ಟ.

"ಇಲ್ಲಕ್ಕ" ಎಂದ. "ಪುಸ್ತಕದಲ್ಲಿ ಅಚ್ಚು ತಪ್ಪಿರಬೇಕು."

ತಿರುಗಿ ಗೋಡೆಗೆ ಹೋಗಿ, ಹಣೆಯನ್ನು ಅದರ ಜಾಗಕ್ಕೆ ಒತ್ತಿ, ಗಟ್ಟಿಯಾಗಿ ಶುರು ಮಾಡಿದ. ಪಾಯಿಂಟ್ ಒಂದು ಬಾರ್. ನೂರ ತೊಂಬತ್ತೊಂದು ಚಿಲ್ಲರೆ. ಇಪ್ಪತ್ಮೂರು ಇಪ್ಪತ್ತೊಂಬತ್ತು.

"ಸಾಕು" ಎಂದಳು ಅವಳು.

ಅವನು ನಿಲ್ಲಿಸಲಿಲ್ಲ. ಗೇಟಿನ ಸದ್ದಾಯಿತು. ಮಕ್ಕಳು ಒಬ್ಬೊಬ್ಬರಾಗಿ ಒಳಗೆ ಬಂದು, ಕೊಡೆ ಮೂಲೆಗಿಟ್ಟು, ಪುಸ್ತಕ ಕಪಾಟಿನ ಮೇಲಿಟ್ಟು ಕೂತರು. ಅವಳು "ಸಾಕು, ಸಾಕೋ" ಎನ್ನುತ್ತಲೇ ಇದ್ದಳು. ಅವನು ಹೇಳುತ್ತಲೇ ಇದ್ದ.