ಮುಂಜಾನೆಯ ಕೈ

"ತೆಗೀ ಕೈ! ಮಹಾರೋಗದ ಕೈ ಕುಡಿಯೋ ನೀರಾಗ ಅದ್ದತೀಯೇನ, ಬೋಸುಡಿ!"

ಆಳುಗಳ ಮುಕಾದಮ ಲಾಲಪ್ಪ ಒದ್ದ ಏಟಿಗೆ ತಂಬಿಗೆ ಉರುಳಿ ಜಲ್ಲಿಯ ಗುಡ್ಡೆಯ ಬುಡಕ್ಕೆ ಹೋಗಿ ಬಿತ್ತು. ಸಾಬವ್ವ ಡ್ರಮ್ಮಿನಿಂದ ಕೈ ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು. ಗೆಣ್ಣು ಗೆಣ್ಣೂ ಬಾತು, ಬೆರಳೆಲ್ಲ ಕಿರುಬೆರಳಿನ ಕಡೆಗೆ ಹೊರಳಿಬಿಟ್ಟಿದ್ದವು. ನೋಡಿದವರು ಹಿಂದೆ ಸರಿಯುತ್ತಿದ್ದರು.

"ಮಹಾರೋಗ ಅಲ್ಲಣ್ಣಾ, ವಾತ ಅದಂತ. ದವಾಖಾನ್ಯಾಗ ಡಾಕ್ಟರ್ ಹೇಳ್ಯಾನ."

"ಮತ್ತೇನಂದ?"

"ತಣ್ಣೀರು ಮುಟ್ಟಬ್ಯಾಡ, ವಜ್ಜಿ ಹೊರಬ್ಯಾಡ ಅಂದ. ಇದು ಹೋಗೂದಲ್ಲ, ಸಾಯೂತನಕ ಇರ್ತದ ಅಂದ."

"ಹಂಗಾರ ಅವನ ಮನ್ಯಾಗೇ ಹೋಗಿ ಕುಂದ್ರು. ಗಾದಿ ಹಾಸಿ ಕೊಡ್ತಾನ."

ಎಮರ್ಜೆನ್ಸಿ ಮುಗಿದ ಮರುವರ್ಷ. ಮರಾಠಿ ಸೀಮೆಯ ನಿಗಡಿಯಲ್ಲಿ ಕಾರ್ಖಾನೆಯ ಮಂದಿಗೆಂದು ಮನೆಗಳು ಏಳುತ್ತಿದ್ದವು. ಲಾಲಪ್ಪ ಯಾದಗಿರಿ ಕಡೆಯಿಂದ ಆಳುಗಳನ್ನು ಜೋಡಿಯಾಗಿಯೇ ತರುತ್ತಿದ್ದ. ಗಂಡ ಸಿಮೆಂಟು-ಜಲ್ಲಿಯ ಮಾಲು ಕಲಸಬೇಕು, ಹೆಂಡತಿ ಬುಟ್ಟಿ ಹೊರಬೇಕು. ತಗಡಿನ ಗುಡಿಸಲು ಸಿಗುವುದು ಜೋಡಿಗೆ. ಜೋಡಿ ಮುರಿಯಿತೋ, ಗುಡಿಸಲೂ ಇಲ್ಲ, ಕೂಲಿಯೂ ಇಲ್ಲ.

ಹಾಳು ಬೇನೆ, ಅದಕ್ಕೂ ಒಂದು ಹೊತ್ತುಗೊತ್ತು! ಮುಂಜಾನೆ ಸಾಬವ್ವನಿಗೆ ಮುಷ್ಟಿ ಮಡಿಚಲು ಬರುತ್ತಿರಲಿಲ್ಲ, ಕುಪ್ಪಸದ ಗಂಟು ಕಟ್ಟಲು ಬರುತ್ತಿರಲಿಲ್ಲ, ಕೂತರೆ ಏಳಲು ಬರುತ್ತಿರಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿದ್ದಂತೆ ಕೀಲು ಸಡಿಲಾಗಿ, ನರಳುತ್ತಲೇ ಬುಟ್ಟಿ ಹೊರುತ್ತಿದ್ದಳು. ಮಧ್ಯಾಹ್ನ ನಡೆಯುವ ಕೈ ಮುಂಜಾನೆ ಯಾಕೆ ನಡೆಯುವುದಿಲ್ಲ? ಲಾಲಪ್ಪನ ತಲೆಗೆ ಅದು ಹೋಗಲೇ ಇಲ್ಲ. ಅವಳ ಗಂಡ ಹುಲಿಗೆಪ್ಪನ ತಲೆಗೂ ಹೋಗಲಿಲ್ಲ.

ಗದ್ದಲ ಕೇಳಿ ಇಂಜಿನಿಯರ್ ಮಧುಕರ ಸಾಹೇಬ ಬಂದ. ಧಾರವಾಡದವನು, ಕನ್ನಡ ಮಾತಾಡುವವನು. ನಮ್ಮ ಕಡೆಯ ಸಾಹೇಬ ಎಂದು ಹೆಂಗಸರು ಮೊದಲು ಹಿಗ್ಗಿದ್ದರು. ಅವನು ಮೂಗಿಗೆ ಕರವಸ್ತ್ರ ಹಿಡಿದು ಲಾಲಪ್ಪನಿಗೆ ಹೇಳಿದ:

"ಮಹಾರೋಗಿ ಇದ್ರ ಇವತ್ತ ಹೊರಗ ಹಾಕು. ಮನಿ ತಗೊಳ್ಳಾವ್ರು ಏನಂದಾರು? ಆ ರೋಗ ಇದ್ರ ಕೈಗೆ ಚುಚ್ಚಿದ್ದು ಗೊತ್ತಾಗಂಗಿಲ್ಲಂತ. ನೋಡು ಒಮ್ಮೆ."

ಲಾಲಪ್ಪ ಗೋಣಿಚೀಲ ಹೊಲಿಯುವ ದಬ್ಬಣ ತಂದ. ಸಾಬವ್ವ ತಾನೇ ಕೈ ಚಾಚಿದಳು. ಬಾತ ಗೆಣ್ಣಿಗೆ ಅವನು ದಬ್ಬಣ ಇಳಿಸಿದ್ದೇ ತಡ, "ಯವ್ವಾ!" ಎಂದು ಚೀರಿ ಕುಸಿದಳು. ರಕ್ತ ಚಿಮ್ಮಿತು. ಸುತ್ತ ನಿಂತ ಹೆಂಗಸರು ಉಸಿರು ಬಿಟ್ಟರು. ಪಕ್ಕದ ಗುಡಿಸಲಿನ ಮರೆಮ್ಮ ನಕ್ಕೇಬಿಟ್ಟಳು, ಸಮಾಧಾನಕ್ಕೆ.

"ನೋಡ್ರಿ ಸಾಹೇಬ್ರ," ಸಾಬವ್ವ ಅಳುತ್ತಳುತ್ತ ಅಂದಳು, "ನನಗ ಮಹಾರೋಗ ಇಲ್ಲ."

"ಇಲ್ಲಂದ್ರ ಕೈ ನೆಟ್ಟಗದ ಅಂದಂಗಾತು," ಸಾಹೇಬ ಕರವಸ್ತ್ರ ಮಡಿಚಿ ಕಿಸೆಗೆ ಹಾಕಿದ. "ಲಾಲಪ್ಪಾ, ನಾಳೆ ಸ್ಲ್ಯಾಬ್ ಅದ. ಇಕೀನ್ನ ಸಾಲಿನಾಗ ನಿಲ್ಲಸು. ಭಾಳ ಆತು ಇವರ ನಾಟಕ."

ಅತ್ತ ದರಿ, ಇತ್ತ ಪುಲಿ. ಲಾಲಪ್ಪ ಹುಲಿಗೆಪ್ಪನ ಕಡೆ ತಿರುಗಿದ.

"ನಾಳೆ ನಿನ್ನ ಹೇಣ್ತಿ ಒಂದ ಬುಟ್ಟಿ ಕೈಬಿಟ್ಟಳಂದ್ರ, ಊರಿಂದ ಅಕಿ ತಂಗಿ ಅವ್ವಮ್ಮನ್ನ ಕರಸ್ತೀನಿ. ಒಂದು ತಾಳಿ ಕಟ್ಟು, ಜೋಡಿ ಆತು. ಏನಂತಿ?"

ಹುಲಿಗೆಪ್ಪ ಸಲಿಕೆಗೆ ಅಂಟಿದ ಸಿಮೆಂಟು ಕೆರೆಯುತ್ತ ನಿಂತ. ಬೇಡ ಎನ್ನಲಿಲ್ಲ. ಸಾಬವ್ವನಿಗೆ ದಬ್ಬಣಕ್ಕಿಂತ ಅದು ಆಳಕ್ಕೆ ಇಳಿಯಿತು.

ಸಂಜೆ ಒಲೆಯ ಮುಂದೆ ಕೇಳಿದಳು: "ಒಂದು ಮಾತು ಆಡಬಾರದಾಗಿತ್ತಾ?"

"ಏನಾಡ್ಲಿ? ನಿನಗ ರೊಟ್ಟಿ ಬಡೀಲಾಕೂ ಬರಂಗಿಲ್ಲ."

"ಅವ್ವಮ್ಮ ಇನ್ನಾ ಲಂಗ ಉಡತಾಳ. ಸೀರಿ ಉಡಲಾಕ ಬರಂಗಿಲ್ಲ ಅದಕ್ಕ."

"ಬಂದ ಮ್ಯಾಲ ಕಲೀತಾಳ," ಎಂದು ಅವನು ಮಗ್ಗುಲಾದ.

ಸ್ಲ್ಯಾಬಿನ ಕೆಲಸ ನಸುಕಿನಲ್ಲೇ ಶುರು. ಕೆಳಗೆ ಮಾಲು ಕಲಸಿದಂತೆ ಕಲಸಿದಂತೆ ಬುಟ್ಟಿಗಳು ಕೈಯಿಂದ ಕೈಗೆ ಮೇಲೇರಬೇಕು. ನಡುವೆ ನಿಲ್ಲುವಂತಿಲ್ಲ, ಒಂದು ಅಂಚು ಒಣಗಿತೆಂದರೆ ಹೊಸ ಮಾಲು ಅದಕ್ಕೆ ಕೂಡುವುದಿಲ್ಲ, ಮಳೆಗಾಲಕ್ಕೆ ಸೋರುತ್ತದೆ. ಬಿದಿರು ಕಟ್ಟಿ ಹಾಸಿದ ಹಲಗೆಯ ದಾರಿ, ಒಬ್ಬರು ನಿಂತರೆ ಇನ್ನೊಬ್ಬರು ದಾಟಲಾಗದಷ್ಟು ಕಿರಿದು. ಅದರ ನಟ್ಟನಡುವೆ ಸಾಬವ್ವನನ್ನು ನಿಲ್ಲಿಸಿದರು.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ಮಧ್ಯಾಹ್ನದಿಂದ ನಿಂದಿರ್ತೀನಿ, ಕತ್ತಲಾಗೂತನಕ ಹೊರತೀನಿ."

"ಸ್ಲ್ಯಾಬು ನಿಮ್ಮಪ್ಪನ ಆಳೇನು, ನಿನ್ನ ದಾರಿ ಕಾಯಲಾಕ?"

ಬೆರಳಲ್ಲಿ ಹಿಡಿಯಲಾಗದೆ ಬುಟ್ಟಿಗಳನ್ನು ಮುಂಗೈ ಮೇಲೆ ಹೊತ್ತು, ಎದೆಗೆ ಒತ್ತಿಕೊಂಡು ಮೇಲೆ ನಿಂತ ಮರೆಮ್ಮನಿಗೆ ದಾಟಿಸಿದಳು. ದಾಟಿಸಿದಷ್ಟೂ ಬಂದವು. ಕೊನೆಗೆ ಮಣಿಕಟ್ಟು ಸೋತಿತು. ಬುಟ್ಟಿ ಜಾರಿ ಹಲಗೆಗೆ ಬಡಿದು, ಮಾಲು ಚೆಲ್ಲಿ ಕೆಳಗೆ ಹೋಯಿತು.

"ಆತು, ಮುಗೀತು," ಎಂದ ಲಾಲಪ್ಪ ಕೆಳಗಿನಿಂದ. "ಹುಲಿಗೆಪ್ಪಾ, ಇವತ್ತೇ ಲಾರ್‍ಯಾಗ ಊರಿಗೆ ಹೋಗು. ಆ ಹುಡುಗೀನ್ನ ಕರಕೊಂಡು ಬಾ. ಏ ರಂಡೀ, ಇಳಿ ಕೆಳಗ!"

ಸಾಬವ್ವ ಇಳಿಯಲಿಲ್ಲ. ನಿಂತಲ್ಲೇ ಹಲಗೆಯ ಮೇಲೆ ಕೂತುಬಿಟ್ಟಳು.

ಸಾಲು ನಿಂತಿತು. ಮೇಲಿನಿಂದ ಮಧುಕರ ಸಾಹೇಬ ಕಿರುಚಿದ, "ಯಾಕ ನಿಲ್ಲಿಸೀರಿ? ಮಾಲು ಗಟ್ಟಿ ಆಗ್ತದ!"

"ಏಳ ಅಕ್ಕಾ," ಮರೆಮ್ಮ ಅಂಗಲಾಚಿದಳು. "ನಮ್ಮೆಲ್ಲಾರ ಹೊಟ್ಟಿ ಮ್ಯಾಲ ಹೊಡೀಬ್ಯಾಡ."

"ಅವ್ವಮ್ಮನ್ನ ತರಂಗಿಲ್ಲ ಅಂತ ನನ್ನ ಗಂಡ ಅನ್ಲಿ. ಬಾಯಿ ಬಿಟ್ಟು ಅನ್ಲಿ."

ಎಲ್ಲರೂ ಹುಲಿಗೆಪ್ಪನನ್ನು ನೋಡಿದರು. ಅವನು ಬದಿಯ ಬಿದಿರು ಹಿಡಿದು ಹತ್ತಿ ಬಂದು, ಕೆಳಗಿನವಳ ಕೈಯಿಂದ ತುಂಬಿದ ಬುಟ್ಟಿ ಇಸಿದುಕೊಂಡು, ಹೆಂಡತಿಯ ತಲೆಯ ಮೇಲಿಂದ ಮರೆಮ್ಮನ ಕಡೆಗೆ ಚಾಚಿದ. ಸಿಮೆಂಟಿನ ನೀರು ಸಾಬವ್ವನ ಬೈತಲೆಗೆ ತೊಟ್ಟಿಕ್ಕಿತು.

ಸಾಬವ್ವ ಎರಡೂ ತೋಳೆತ್ತಿ ಆ ಬುಟ್ಟಿಯನ್ನು ತಬ್ಬಿ ಕೆಳಗೆಳೆದಳು. ಮಾಲು ಅವಳ ಮಡಿಲ ತುಂಬ ಸುರಿಯಿತು. ಹುಲಿಗೆಪ್ಪ ಎಳೆದ, ಲಾಲಪ್ಪ ಅವನ ಹಿಂದೆಯೇ ಬಿದಿರು ಹತ್ತಿ ಬಂದು ಎಳೆದ. ಸೊಟ್ಟ ಬೆರಳು ಬುಟ್ಟಿಯ ಕಂಠಕ್ಕೆ ಸಿಕ್ಕಿಕೊಂಡಿದ್ದವು, ಬಿಡಿಸಲು ಹೋದರೆ ಅವಳು ಚೀರುತ್ತಿದ್ದಳು, ಬಿಡುತ್ತಿರಲಿಲ್ಲ. ಬಿಸಿಲು ಏರಿತ್ತು. ಮಡಿಲಿನ ಮಾಲು ಸೀರೆಗೆ ಹತ್ತಿ ಬಿಗಿಯತೊಡಗಿತ್ತು. ಕೆಳಗೆ ರಸ್ತೆಯಲ್ಲಿ ಊರಿನ ಕಡೆ ಹೋಗುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.