ಬೆಳಗಿನ ಬೆರಳುಗಳು

ಆ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅಮ್ಮ ಮಿಷನ್ ತುಳಿದರೆ ಮಗಳು ಕಾಜಾ ಹಾಕಿ ಗುಂಡಿ ಹೊಲಿಯುತ್ತಿದ್ದಳು. ಆರು ತಿಂಗಳಿಂದ ಬೆಳಿಗ್ಗೆ ಎದ್ದರೆ ಅವಳ ಬೆರಳುಗಳು ಊದಿ ಮರಗಟ್ಟಿರುತ್ತಿದ್ದವು. ಸೂಜಿ ಹಿಡಿಯಲು ಹತ್ತು ಗಂಟೆ ದಾಟಬೇಕು. ಮಧ್ಯಾಹ್ನದ ಹೊತ್ತಿಗೆ ಕೈ ಸಡಿಲ.

"ಕೆಲಸ ಇದ್ದಾಗ್ಲೇ ಬರೋ ನೋವು ಎಂಥಾ ನೋವೇ?" ಎಂದು ಅಮ್ಮ ರೇಗುತ್ತಿದ್ದಳು.

ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅದೇ ಮನೆಯಲ್ಲಿದ್ದ ಅಮ್ಮನ ಅಕ್ಕ, ದೊಡ್ಡಮ್ಮ. ಡಾಕ್ಟರು ರಕ್ತಪರೀಕ್ಷೆ ನೋಡಿ ಹೇಳಿದ್ದರು: "ನಿನ್ನ ಮೈನ ಕಾಯ್ಬೇಕಾದ ಶಕ್ತಿನೇ ತಪ್ಪು ತಿಳ್ಕೊಂಡು ಕೀಲುಗಳ ಮೇಲೆ ಬಿದ್ದಿದೆಯಮ್ಮ. ಈಗ್ಲೇ ಮಾತ್ರೆ ಶುರು ಮಾಡಿದ್ರೆ ಹತೋಟಿಗೆ ಬರುತ್ತೆ. ಬಿಟ್ರೆ ಮೂಳೆ ಸವೆದು ಬೆರಳು ಸೊಟ್ಟಗಾಗುತ್ತೆ."

ಅಮ್ಮ ಡಾಕ್ಟರು ಬರೆದುಕೊಟ್ಟ ಮಾತ್ರೆ ಚೀಟಿಯನ್ನು ಮಿಷನ್ ಡ್ರಾಯರಿಗೆ ಹಾಕಿ ಬೀಗ ಜಡಿದಳು. "ಮಾತ್ರೆ ಡಬ್ಬಿ ಕಂಡ್ರೆ ಬೀದಿಗೆಲ್ಲ ಸುದ್ದಿ. ಮದುವೆ ಆಗ್ಲಿ, ಆಮೇಲೆ ಗಂಡ ತೋರಿಸ್ತಾನೆ. ನಮ್ಮನೇಲಿ ಹೆಣ್ಮಕ್ಕಳ ಕಾಯಿಲೆ ಹೊಸ್ತಿಲು ದಾಟಿದ್ದಿಲ್ಲ."

ದಾಟಿರಲಿಲ್ಲ, ನಿಜ. ಒಳಗೇ ಕೂತು ದೊಡ್ಡಮ್ಮನ ಬೆರಳುಗಳನ್ನು ತಿಂದುಹಾಕಿತ್ತು. ಅವಳಿಗೂ ಹೀಗೇ ಮುಚ್ಚಿಟ್ಟು ಮದುವೆ ಮಾಡಿದ್ದರು. ಮೋಸ ಮಾಡಿದರೆಂದು ಎರಡೇ ವರ್ಷಕ್ಕೆ ಗಂಡನ ಮನೆಯವರು ವಾಪಸು ಕಳಿಸಿದರು. ಈಗ ಅವಳ ಬೆರಳುಗಳೆಲ್ಲ ಒಂದೇ ಕಡೆಗೆ ವಾಲಿವೆ. ಲೋಟ ಎತ್ತಬೇಕಾದರೂ ಎರಡು ಕೈ ಬೇಕು. ಮಗಳು ಅದನ್ನು ದಿನವೂ ನೋಡುತ್ತಿದ್ದಳು.

ಗಂಡಿನವರನ್ನು ಅಮ್ಮ ಬೇಕೆಂದೇ ಸಂಜೆ ನಾಲ್ಕಕ್ಕೆ ಕರೆದಿದ್ದಳು. ಆದರೆ ಹುಡುಗನ ಕೆಲಸದ ಪಾಳಿ ಬದಲಾಗಿ, ಬೆಳಿಗ್ಗೆ ಎಂಟಕ್ಕೇ ತಾಯಿ ಮಗ ಬಾಗಿಲಲ್ಲಿ ನಿಂತರು. ಅಮ್ಮ ಮಗಳನ್ನು ಒಳಗೆಳೆದು ಎರಡೂ ಕೈಗೆ ಬಟ್ಟೆ ಸುತ್ತಿದಳು. "ಇಸ್ತ್ರಿಪೆಟ್ಟಿಗೆ ತಾಗ್ತು ಅಂತ ಹೇಳು. ನಿನ್ನ ಕಾಲಿಗೆ ಬೀಳ್ತೀನಿ."

ಅಮ್ಮ ಕೆಟ್ಟವಳಲ್ಲ, ಹೆದರಿದವಳು. ಅದಕ್ಕೇ ಮಗಳಿಗೆ ಅವಳ ಮಾತು ಮೀರುವುದು ಅಷ್ಟು ಕಷ್ಟವಾಗಿತ್ತು.

"ಅಯ್ಯೋ, ಕೈಗೇನಾಯ್ತಮ್ಮ?" ಎಂದರು ಹುಡುಗನ ತಾಯಿ.

ಮಗಳು ಆ ಸುಳ್ಳು ಹೇಳಲಿಲ್ಲ. ಬಟ್ಟೆ ಬಿಚ್ಚಲು ನೋಡಿದಳು, ಬೆರಳು ಬಗ್ಗಲಿಲ್ಲ. ಮೂಲೆಯಲ್ಲಿದ್ದ ದೊಡ್ಡಮ್ಮ ಎದ್ದು ಬಂದು, ತನ್ನ ಸೊಟ್ಟ ಬೆರಳುಗಳಿಂದ ಸುತ್ತು ಸುತ್ತಾಗಿ ಬಿಚ್ಚಿದಳು.

"ಸುಟ್ಟಿದ್ದಲ್ಲ, ಕೀಲಿನ ಕಾಯಿಲೆ," ಎಂದಳು ಮಗಳು. "ಔಷಧಿ ಇದೆ, ಇನ್ನೂ ತಗೊಂಡಿಲ್ಲ. ಇವತ್ತಿಂದ ತಗೋತೀನಿ. ತಿಳ್ಕೊಂಡು ಒಪ್ಪೋದಾದ್ರೆ ಒಪ್ಪಿ, ಇಲ್ಲಾಂದ್ರೆ ಬೇಡ."

ಅಮ್ಮ ಗೋಡೆಗೆ ಒರಗಿದಳು. "ನಿನ್ನ ಒಳ್ಳೇದಕ್ಕೇ ಕಣೇ ನಾನು..."

"ಗೊತ್ತಮ್ಮ. ನನ್ನ ಕಾಯೋಕೆ ಇರೋದೇ ನನ್ನ ಕೀಲು ತಿಂತಿದೆ ಅಂದ್ರಲ್ಲ ಡಾಕ್ಟರು? ನೀನೂ ನನ್ನ ಕಾಯೋಕೇ ಹೊರಟಿದ್ದೆ."

ಅಮ್ಮ ಸೊಂಟದಿಂದ ಬೀಗದ ಕೈ ತೆಗೆದು ಡ್ರಾಯರು ತೆರೆದಳು. ಮಗಳು ಚೀಟಿಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಗಂಡಿನವರ ಉತ್ತರಕ್ಕೂ ಕಾಯದೆ ಬಾಗಿಲಿಗೆ ನಡೆದಳು.

"ದೊಡ್ಡಮ್ಮ, ಚಪ್ಪಲಿ ಹಾಕ್ಕೋ."

"ನಂದೆಲ್ಲ ಮುಗ್ದಿದ್ದಲ್ವೇನೇ?"

"ನೋವು ಮುಗ್ದಿದೆಯಾ?"

ದೊಡ್ಡಮ್ಮ ಚಪ್ಪಲಿ ಹುಡುಕತೊಡಗಿದಳು.